ಕಾರಿನ ತಂಪು ಮತ್ತು ದಾರಿಯ ನೆರಳು

(ರಾಗಿಗುಡ್ಡದ ಬುಡದಲ್ಲಿ ಸೇರಿದ್ದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಶಿವಮೊಗ್ಗದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆ ಹೊತ್ತಿನಲ್ಲಿ ರಾಗಿಗುಡ್ಡದ ಕೆಳಗಿನ ರಸ್ತೆಯಲ್ಲಿ ಸಾಗುವ ಕಾರುಗಳ ಗಾಜುಗಳೆಲ್ಲ ಮುಚ್ಚಿರುತ್ತವೆ. ಒಳಗೆ ಕುಳಿತವರಿಗೆ ರಸ್ತೆಯ ಬದಿಯಲ್ಲಿ ಮರವಿದೆಯೋ ಇಲ್ಲವೋ ಎಂಬುದು ಮುಖ್ಯವೆನಿಸುವುದಿಲ್ಲ. ಹವಾನಿಯಂತ್ರಣ ಯಂತ್ರ ಬರುವುದಕ್ಕೆ ಮುನ್ನ ಕಾರಿನಲ್ಲಿ ಪಯಣಿಸಿದವರಿಗೆ ಅದು ಬಹಳ ಮುಖ್ಯವಾಗಿತ್ತು. ಅವರು ಬಿಸಿಲಿನಲ್ಲಿ ಕಾರನ್ನು ತಂಪಾಗಿಟ್ಟುಕೊಂಡ ಬಗೆಯನ್ನು ಅರಿಯುವುದು ಇಂದಿಗೂ ಪ್ರಯೋಜನಕರ.

ಅವರ ಮೊದಲ ಆಸರೆ ಗಾಳಿ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಹೆಚ್ಚಿನವು ತೆರೆದ ಬಂಡಿಗಳು. ಮಡಚಬಹುದಾದ ಬಟ್ಟೆಯ ಚಾವಣಿಯೇ ಅವುಗಳ ಕೊಡೆ. ಮುಚ್ಚಿದ ಕಾರುಗಳು ಬಂದ ಮೇಲೆ ಮುಂಗಾಜಿನ ಬುಡದಲ್ಲಿ ಗಾಳಿಯ ಕಿಂಡಿಯನ್ನೂ, ಮುಂಬಾಗಿಲಿನ ಗಾಜಿನ ಮುಂದೆ ತ್ರಿಕೋನಾಕಾರದ ಚಿಕ್ಕ ಗಾಜನ್ನೂ ಜೋಡಿಸಲಾಯಿತು. 2014ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನೂ, ಜನರು ಫಿಯೆಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನೂ ಕಂಡವರಿಗೆ ಈ ತ್ರಿಕೋನ ಗಾಜಿನ ನೆನಪಿರುತ್ತದೆ. ಅದನ್ನು ಸ್ವಲ್ಪವೇ ಓರೆ ಮಾಡಿದರೆ ಅದರ ಹಿಂದೆ ಗಾಳಿಯ ಒತ್ತಡ ತಗ್ಗಿ ಒಳಗಿನ ಬಿಸಿಗಾಳಿ ಹೊರಕ್ಕೆ ಸೆಳೆಯಲ್ಪಡುತ್ತದೆ. ಪೂರ್ತಿ ತಿರುಗಿಸಿದರೆ ಹೊರಗಿನ ಗಾಳಿ ನೇರವಾಗಿ ಪ್ರಯಾಣಿಕನ ಮೈಗೆ ತಾಗುತ್ತದೆ. ಇದಕ್ಕೆ ಇಂಧನವಾಗಲಿ ವಿದ್ಯುತ್ತಾಗಲಿ ಬೇಕಿರಲಿಲ್ಲ. ಆದರೆ ಕಾರು ನಿಂತೊಡನೆ ಗಾಳಿಯೂ ನಿಲ್ಲುತ್ತಿತ್ತು.

ಆದ್ದರಿಂದ ಎರಡನೆಯ ಆಸರೆ ನೆರಳು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ಆಸನಗಳಿಂದ ಹೊಮ್ಮುವ ಶಾಖವನ್ನು ಹೊರಹೋಗಗೊಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನ ಒಳಗಿನ ಉಷ್ಣಾಂಶ ಒಂದು ಗಂಟೆಯೊಳಗೆ ಹೊರಗಿಗಿಂತ ಸುಮಾರು 20 ಡಿಗ್ರಿಯಷ್ಟು ಏರಬಲ್ಲದು. ಇದರ ಪರಿಣಾಮವನ್ನು ಅನುಭವದಿಂದ ಬಲ್ಲ ಚಾಲಕರು ನಸುಕಿನಲ್ಲೇ ಹೊರಡುತ್ತಿದ್ದರು, ಕಿಟಕಿಗೆ ಪರದೆ ಕಟ್ಟುತ್ತಿದ್ದರು, ನಡುಹಗಲು ಮರದ ಬುಡ ಸೇರುತ್ತಿದ್ದರು.

ಮೂರನೆಯದು ನೀರು. ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೀರಿಕೊಳ್ಳುತ್ತದೆ. ಅಷ್ಟೇ ನೀರನ್ನು 25 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖದ 7 ಪಟ್ಟಿಗೂ ಇದು ಅಧಿಕ. ಅಮೆರಿಕದ ನೈಋತ್ಯದ ಮರುಭೂಮಿ ಪ್ರದೇಶಗಳಲ್ಲಿ ನೀರು ತುಂಬಿದ ಲೋಹದ ಕೊಳವೆಯೊಂದನ್ನು ಕಾರಿನ ಕಿಟಕಿಗೆ ಸಿಕ್ಕಿಸುತ್ತಿದ್ದರು. ನುಗ್ಗುವ ಗಾಳಿ ಒದ್ದೆ ಮೆತ್ತೆಯ ಮೂಲಕ ಹಾಯ್ದು ತಂಪಾಗಿ ಒಳಬರುತ್ತಿತ್ತು. ಭಾರತದಲ್ಲಿ ಇದೇ ತತ್ತ್ವದ ಮೇಲೆ ಲಾವಂಚದ ತಟ್ಟಿಗಳು ಮನೆಗಳ ಕಿಟಕಿಗಳನ್ನೂ ರೈಲುಬೋಗಿಗಳನ್ನೂ ತಂಪಾಗಿಸಿದವು. ಫ್ರಾಂಟಿಯರ್ ಮೇಲ್ ರೈಲಿನಲ್ಲಿ 1934ರಲ್ಲಿ ಮಂಜುಗಡ್ಡೆಯ ಮೇಲೆ ಗಾಳಿ ಹಾಯಿಸುವ ವ್ಯವಸ್ಥೆ ಬಂದಿತು.

ಆದರೆ ಆವಿಯ ತಂಪು ಎಲ್ಲೆಡೆಯೂ ಸಮನಾಗಿ ಒದಗದು. 40 ಡಿಗ್ರಿ ಬಿಸಿಲು, ಶೇ. 20 ತೇವಾಂಶವಿರುವ ಗಾಳಿಯನ್ನು ಈ ವಿಧಾನದಿಂದ ಹೆಚ್ಚೆಂದರೆ ಸುಮಾರು 22 ಡಿಗ್ರಿಯವರೆಗೆ ತಗ್ಗಿಸಬಹುದು. 32 ಡಿಗ್ರಿ, ಶೇ. 80 ತೇವಾಂಶವಿದ್ದರೆ ಸುಮಾರು 29ಕ್ಕಿಂತ ಕೆಳಗಿಳಿಸಲಾಗದು. ಹಾಗಾಗಿ ರಾಯಚೂರು, ಕಲಬುರಗಿಗಳ ಒಣ ಬೇಸಗೆಗೆ ಒದ್ದೆ ತಟ್ಟಿ ಒಪ್ಪುತ್ತದೆ. ಕರಾವಳಿಯ ಸೆಕೆಗೆ ಒಪ್ಪುವುದಿಲ್ಲ.

ಎಂಜಿನ್ನಿಗೂ ತಂಪು ಬೇಕಿತ್ತು. ಮಾಡೆಲ್ ಟಿ ಕಾರಿನಲ್ಲಿ ನೀರೆತ್ತುವ ಪಂಪು ಇರಲಿಲ್ಲ. ಕಾದ ನೀರು ತಾನಾಗಿ ಮೇಲೇರಿ, ರೇಡಿಯೇಟರಿನಲ್ಲಿ ಆರಿ ಕೆಳಗಿಳಿಯುತ್ತಿತ್ತು. ಹಳೆಯ ಕಾರುಗಳು ಆಗುಂಬೆಯಂತಹ ಘಾಟಿಯ ಏರಿನಲ್ಲಿ ಬಿಸಿಯೇರಿದಾಗ ಬಾನೆಟ್ ತೆರೆದು, ಎಂಜಿನ್ ಆರುವವರೆಗೆ ಕಾದು, ನೀರು ತುಂಬಿಸಬೇಕಾಗುತ್ತಿತ್ತು. ದಾರಿಬದಿಯ ತೊರೆ ಬೇಸಗೆಯಲ್ಲಿಯೂ ಹರಿಯುತ್ತಿದ್ದರೆ ಅದು ಮೇಲಿನ ಕಾಡು ಹಿಡಿದಿಟ್ಟ ಮಳೆನೀರು.

ಅಮೆರಿಕದ ಪ್ಯಾಕರ್ಡ್ ಕಂಪನಿಯು 1939ರ ಕೊನೆಗೆ ಹವಾನಿಯಂತ್ರಿತ ಕಾರನ್ನು ಜನರ ಮುಂದಿಟ್ಟಿತು. ಈ ಯಂತ್ರ ಶಾಖವನ್ನು ನಾಶಗೊಳಿಸುವುದಿಲ್ಲ. ಒಳಗಿನ ಶಾಖವನ್ನು ಹೊರಗೆ ಸುರಿಯುತ್ತದೆ, ಅದಕ್ಕಾಗಿ ಇನ್ನಷ್ಟು ಇಂಧನ ಸುಡುತ್ತದೆ. ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಆರ್-134ಎ ಅನಿಲ ಸೋರಿದರೆ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಯಾಗಿಸುತ್ತದೆ. ರೋಗಿಗಳಿಗೆ, ವೃದ್ಧರಿಗೆ ಈ ಯಂತ್ರ ನೆರವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ವೇಗವಾಗಿ ಓಡುವಾಗ ತೆರೆದ ಕಿಟಕಿಯೂ ಗಾಳಿಯ ತಡೆಯನ್ನು ಹೆಚ್ಚಿಸಿ ಇಂಧನ ವ್ಯಯಿಸುತ್ತದೆ. ಆದರೆ ಗಾಜು ಮುಚ್ಚಿದ ಮೇಲೆ ದಾರಿಯ ಮರ ಪ್ರಯಾಣಿಕನ ಲೆಕ್ಕದಿಂದ ಜಾರಿಹೋಯಿತು. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಚತುಷ್ಪಥಗೊಳಿಸುವಾಗ ರಸ್ತೆಬದಿಯ ಮರಗಳು ಉರುಳಿದವು. ಅವುಗಳ ನಷ್ಟ ಕಾರಿನವನನ್ನು ತಟ್ಟುವುದಕ್ಕಿಂತ ಹೆಚ್ಚಾಗಿ ಬಸ್ಸಿಗೆ ಕಾಯುವವರನ್ನು, ಸೈಕಲ್ ತುಳಿಯುವವರನ್ನು, ಹಣ್ಣು ಮಾರುವವರನ್ನು ತಟ್ಟುತ್ತದೆ.

ಮರವು ನೆರಳು ಮತ್ತು ನೀರು ಎರಡೂ ಉಪಾಯಗಳನ್ನು ಒಟ್ಟಿಗೆ ನಡೆಸುತ್ತದೆ. ಬಿಸಿಲನ್ನು ತಡೆಯುವುದರ ಜೊತೆಗೆ ಬೇರಿನಿಂದೆತ್ತಿದ ನೀರನ್ನು ಎಲೆಗಳ ಮೂಲಕ ಆವಿಯಾಗಿಸುತ್ತದೆ. ಬಿಸಿಲಿಗೆ ಬಿದ್ದ ಡಾಂಬರಿನ ಮೇಲ್ಮೈ 50 ಡಿಗ್ರಿ ಮೀರುವ ಹೊತ್ತಿನಲ್ಲಿಯೂ ಮರದಡಿಯ ರಸ್ತೆ ಕಾಲಿಡುವಷ್ಟು ತಂಪಾಗಿರುತ್ತದೆ.

ಗುಡ್ಡದ ಇಳಿಜಾರಿಗೂ ಇದೇ ಲಾವಂಚ ಸಲ್ಲುತ್ತದೆ. ಅದರ ಬೇರು ಅನುಕೂಲಕರ ಮಣ್ಣಿನಲ್ಲಿ 3 ಮೀಟರ್ ಆಳಕ್ಕೆ ಇಳಿಯಬಲ್ಲದು. ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಹೊಲದ ಅಂಚಿನಲ್ಲಿ ಇದನ್ನು ಬೆಳೆಸಿಕೊಂಡು ಬಂದಿದ್ದಾರೆ. ಸಮಪಾತಳಿಯ ಸಾಲಿನಲ್ಲಿ ಒತ್ತೊತ್ತಾಗಿ ನೆಟ್ಟರೆ ಮಳೆನೀರಿನ ವೇಗ ತಗ್ಗಿ ಮಣ್ಣು ನಿಲ್ಲುತ್ತದೆ. ಒಂದು ಎಚ್ಚರಿಕೆ ಅಗತ್ಯ: ತಟ್ಟಿಗೆಂದು ಬೇರು ಕೀಳುವ ಲಾವಂಚವನ್ನು ಸಮತಟ್ಟು ನೆಲದಲ್ಲಿಯೇ ಬೆಳೆಯಬೇಕು. ಇಳಿಜಾರಿನ ಸಾಲನ್ನು ಅಗೆದರೆ ಮಣ್ಣು ಸಡಿಲಗೊಂಡು ಕೊಚ್ಚಿಹೋಗುತ್ತದೆ.

ಈ ಮಳೆಗಾಲದಲ್ಲಿ ಕೈಗೊಳ್ಳಬಹುದಾದ ಕೆಲಸಗಳು ಕಷ್ಟದವಲ್ಲ. ರಾಗಿಗುಡ್ಡದ ಬೋಳಾದ ಅಂಚುಗಳಿಗೆ ಲಾವಂಚದ ಸಾಲು, ಕೆಳಗಿನ ರಸ್ತೆಗಳಿಗೆ ಹೊಂಗೆ, ಬೇವು, ನೇರಳೆ ಸಸಿಗಳು ಬೇಕು. ಸಸಿ ಮರವಾಗುವ ತನಕ ಇರುವ ಮರವನ್ನು ಕಾಯಬೇಕು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅವಶ್ಯಕ. ಕೊಡಲಿಯ ಸದ್ದು ಕೇಳಿದಾಗ ಆ ಅನುಮತಿಪತ್ರವನ್ನು ತೋರಿಸಿರೆಂದು ಕೇಳುವ ಕೆಲಸ ಊರಿನ ಯಾರಿಗಾದರೂ ಸಾಧ್ಯ.