ಮೂವತ್ತೈದು ಬಂದದ್ದು ಹೇಗೆ?

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ ಕೊಟ್ಟು, "ಸರ್, ಬಿಡುವಾದಾಗ ಓದಿ ನೋಡಿ" ಅಂದಳು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವಳು, ಕೆಲಸ ಬಿಟ್ಟು ಶಿಕ್ಷಣ ವಿಷಯದಲ್ಲಿ ಎಂ.ಎ. ಓದುತ್ತಿದ್ದಾಳೆ. ಓದಿನ ಭಾಗವಾಗಿ ಬೊಮ್ಮಸಂದ್ರದ ಕಡೆಯ ಸರ್ಕಾರಿ ಶಾಲೆಯಲ್ಲಿ ಕೆಲವು ವಾರ ಕೂತು ಬರೆದುಕೊಂಡ ಟಿಪ್ಪಣಿಗಳವು.

ಮೂರನೇ ತರಗತಿಯ ಒಂದು ಮಗು. ಅಪ್ಪ ಗಾರೆ ಕೆಲಸ, ಅಮ್ಮ ಸಂಜೆ ಹೊತ್ತು ಹೂ ಮಾರುತ್ತಾಳೆ. ಯಾದಗಿರಿ ಕಡೆಯಿಂದ ಬಂದವರು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ ಅಂದರೆ ಮಗು 35 ಅಂತ ಬರೆದಿದೆ. ಮೊದಲ ವಾರದ ಟಿಪ್ಪಣಿ ಒಂದೇ ಸಾಲು: "ಕಳೆಯುವ ಲೆಕ್ಕ ಬರುವುದಿಲ್ಲ. ಗಮನ ಸಾಲದು."

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅವಳೊಳಗೆ ಹಳೆಯ ಕಸುಬು ಇನ್ನೂ ಇತ್ತು ನೋಡಿ. ತಪ್ಪು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅಂತ ಹುಡುಕತೊಡಗಿದಳು. 58ರಲ್ಲಿ 23 ಕೊಟ್ಟಳು, ಉತ್ತರ ಸರಿ. 64ರಲ್ಲಿ 38 ಕೊಟ್ಟಳು, ಮಗು 34 ಬರೆಯಿತು. 71ರಲ್ಲಿ 46 ಕೊಟ್ಟಳು, ಮತ್ತೆ 35. ಎಲ್ಲ ಕಡೆಯೂ ಒಂದೇ ಜಾಡು: ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು. ಆಮೇಲೆ ಟೆಸ್ಟಿಂಗ್‌ನಲ್ಲಿ ಸಾಧ್ಯವೇ ಇಲ್ಲದ ಕೆಲಸ ಮಾಡಿದಳು. ಪಕ್ಕದಲ್ಲಿ ಕೂತು ಕೇಳಿದಳು, "ಹೆಂಗೆ ಮಾಡಿದೆ ಪುಟ್ಟಿ?"

"ದೊಡ್ಡದ್ರಾಗ ಸಣ್ಣದು ತಗೀಬೇಕ್ರಿ ಮಿಸ್. ಎರಡನೇತ್ತದಾಗ ಹೇಳ್ಯಾರ್ರಿ."

ಮಗು ಕೇಳಿಸಿಕೊಂಡಿತ್ತು. ನೆನಪಿಟ್ಟಿತ್ತು. ಹೇಳಿಕೊಟ್ಟ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ಗಮನ ಸಾಲದು ಎಂಬ ಸಾಲನ್ನು ಅವಳು ಅಳಿಸಲಿಲ್ಲ. ಅದರ ಕೆಳಗೆ ತಾರೀಖು ಹಾಕಿ ಇದನ್ನೂ ಬರೆದಳು.

ಇನ್ನೊಂದು ಪುಟ ಸಂಜೆಯದು. ಅಮ್ಮನ ಹೂವಿನ ಬುಟ್ಟಿಯ ಹತ್ತಿರ ಅದೇ ಮಗು. ಗಿರಾಕಿ ಮೂವತ್ತೈದು ರೂಪಾಯಿ ಹೂವಿಗೆ ನೂರರ ನೋಟು ಕೊಟ್ಟರು. ಮಗು ಐದರ ನಾಣ್ಯ ಇಟ್ಟು "ನಲ್ವತ್ತು" ಅಂದಿತು, ಹತ್ತು ಇಟ್ಟು "ಐವತ್ತು", ಐವತ್ತರ ನೋಟು ಇಟ್ಟು "ನೂರು". ಅದೇ ಲೆಕ್ಕವನ್ನು ಹಾಳೆಯ ಮೇಲೆ ತನ್ನ ನಿಯಮದಂತೆ ಮಾಡಿದ್ದರೆ ನೂರಕ್ಕೆ 135 ರೂಪಾಯಿ ಚಿಲ್ಲರೆ ಕೊಡಬೇಕಾಗುತ್ತಿತ್ತು!

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಹೀಗೆಯೇ ಗಮನಿಸಿ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದಲ್ಲಿ ನೂರಕ್ಕೆ 98ರಷ್ಟು ಸರಿ ಉತ್ತರ ಕೊಟ್ಟ ಮಕ್ಕಳು, ಅಂಥದೇ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ನೂರಕ್ಕೆ 37ಕ್ಕೆ ಇಳಿದರು. ನಮ್ಮ ಹುಡುಗಿ ಇದನ್ನು ತರಗತಿಯಲ್ಲಿ ಓದಿದ್ದಳಂತೆ. ಹೂವಿನ ಬುಟ್ಟಿಯ ಮುಂದೆ ನಿಂತಾಗ ಅದು ಅವಳದಾಯಿತು.

"ಮಕ್ಕಳಿಗೆ ಪಾಠ ಹೇಳೋಕೆ ಇನ್ನೂ ಎರಡು ವರ್ಷ ಓದಬೇಕಾ?" ಅಂತ ಅವಳ ಮನೆಯವರು ಕೇಳಿದ್ದರು. ಸಂಬಳ ಬಿಟ್ಟು ಬಂದವಳು, ಕೇಳುವುದು ಸಹಜವೇ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2011ರಲ್ಲಿ ಇಂಥ ಎರಡು ವರ್ಷದ ಎಂ.ಎ. ಶುರು ಮಾಡಿದ್ದು ಇದೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಸಾಫ್ಟ್‌ವೇರ್ ಕಂಪನಿಗಳ ನೆರೆಯಲ್ಲಿ. ಈಗ ಅದು ಸರ್ಜಾಪುರದ ಕಡೆ ಇದೆ. ಬಿ.ಎಡ್. ಕೂಡ 2015ರಿಂದ ಎರಡು ವರ್ಷವಾಯಿತು, ಅದರಲ್ಲಿ ಕನಿಷ್ಠ 20 ವಾರ ಶಾಲೆಯಲ್ಲೇ ಇರಬೇಕು. ಕಾಲ ದಂಡವೆಂದು ಗೊಣಗುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮೊದಲ ವಾರದ ಆ ಸಾಲಿಗೂ ಅದರ ಕೆಳಗಿನ ಸಾಲಿಗೂ ನಡುವೆ ನಡೆದದ್ದೇನೋ ಅದಕ್ಕೆ ವಾರಗಳೇ ಬೇಕು. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಕಂಪನಿಗಳ ವರ್ಷಾಂತ್ಯದ ಅಪ್ರೈಸಲ್‌ಗೂ ಅದು ಸಿಗುವಂಥದ್ದಲ್ಲ. ಅವಳ ಹಳೆಯ ಕೆಲಸವೂ ದಂಡವಾಗಲಿಲ್ಲ ಅನ್ನುವುದು ನನಗೆ ಹೆಚ್ಚು ಇಷ್ಟವಾದ ಸಂಗತಿ.

ಮಗುವಿಗೆ ದಶಕ ತೆಗೆದುಕೊಳ್ಳುವುದು ಪೂರ್ತಿ ಬಂತೇ? ಇನ್ನೂ ಇಲ್ಲ. ಚಿಲ್ಲರೆ ಕೊಡುವ ಹಾಗೆಯೇ ಎಣಿಸಿಕೊಂಡು ಹೋಗಲು ಬಿಟ್ಟಾಗ 52ರಲ್ಲಿ 27 ಕಳೆದರೆ 25 ಅಂದಿತಂತೆ. ನಿಲುಸಾಲಿನ ಲೆಕ್ಕದಲ್ಲಿ ಇನ್ನೂ ತಡವರಿಸುತ್ತದೆ.

ಶಾಲೆಯ ಹೆಡ್‌ಮಾಸ್ಟರುಗಳೇ, ಹೆಡ್‌ಮಿಸ್ಸುಗಳೇ, ನಿಮ್ಮಲ್ಲೊಂದು ಕೋರಿಕೆ. ಪೀಣ್ಯವಾಗಲಿ, ವೈಟ್‌ಫೀಲ್ಡ್ ಆಗಲಿ, ನಿಮ್ಮ ಶಾಲೆಗೂ ಇಂಥ ವಿದ್ಯಾರ್ಥಿಗಳು ನೋಟ್‌ಬುಕ್ ಹಿಡಿದು ಬರುತ್ತಾರೆ. ರಜೆಯಲ್ಲಿರುವ ಶಿಕ್ಷಕರ ತರಗತಿ ನೋಡಿಕೊಳ್ಳಲು ಜನ ಸಾಲದಿರುವುದು ಗೊತ್ತು. ಆದರೂ ಅವರನ್ನು ಬರೀ ಆ ಕೆಲಸಕ್ಕೆ ಹಚ್ಚಬೇಡಿ. ದಿನಕ್ಕೊಂದು ಪೀರಿಯಡ್ಡಾದರೂ ಒಂದೇ ಮಗುವಿನ ಪಕ್ಕದಲ್ಲಿ ಕೂರಲು ಬಿಡಿ.