ಕಡಲು ಮುಚ್ಚಿದ ತಿಂಗಳುಗಳ ಅನ್ನ



ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ 2015ರಿಂದ ಈ ನಿಷೇಧ 61 ದಿನಗಳದ್ದು. ಅದು ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಬೇಕೇ ಬೇಕು. ಆದರೆ ಬೋಟಿನಲ್ಲಿ ದುಡಿಯುವ ಕಲಾಸಿಗಳ ಮನೆಯಲ್ಲಿ ಆ ಎರಡು ತಿಂಗಳು ಒಲೆ ಉರಿಯುವುದು ಹೇಗೆ? ಈ ಪ್ರಶ್ನೆಗೆ ಊರೂ ಸರ್ಕಾರವೂ ಕಾಲಕಾಲಕ್ಕೆ ಏನೇನು ಮಾಡಿದವು ಎಂಬುದೇ ಇವತ್ತಿನ ಮಾತು.

ಮೊದಲು ದಾರಿ ಹುಡುಕಿದ್ದು ಊರು. ನಮ್ಮ ಕರಾವಳಿಯಲ್ಲಿ ರಂಪಣಿ ಇದ್ದ ಕಾಲದಲ್ಲಿ, ದಡದಿಂದ ಎಳೆಯುವ ಆ ದೊಡ್ಡ ಬಲೆಗೆ ಹತ್ತಾರು ಜನ ಕೈ ಹಾಕಬೇಕಿತ್ತು. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಆಳಿಗೊಂದು ಪಾಲು. ಮಳೆಗಾಲಕ್ಕೆ ಒಣಮೀನು, ಕೂಡಿಟ್ಟ ಅಕ್ಕಿ. ಅದೂ ಮುಗಿದರೆ ಸಾಲ. 1970ರ ದಶಕದ ನಡುವಿನಿಂದ ಪರ್ಸಿನ್ ಬೋಟುಗಳು ಬಂದವು, ರಂಪಣಿ ಸೊರಗಿತು, ಅದರ ಪಾಲಿನ ಲೆಕ್ಕವೂ ಕಳಚಿತು. ಭಟ್ಕಳ ಪೇಟೆಯಲ್ಲಿ 1912ರಲ್ಲೇ ಹುಟ್ಟಿದ ಮಜ್ಲಿಸೆ ಇಸ್ಲಾಹ್ ವ ತಂಝೀಮ್‌ನಂಥ ಸಂಸ್ಥೆಗಳು, ದೇವಸ್ಥಾನಗಳು, ಜಾತಿ ಸಂಘಗಳು ಕೈಲಾದಷ್ಟು ನೆರವಾಗಿವೆ. ಅದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಊರೆಲ್ಲ ಒಟ್ಟಿಗೇ ಬರಿಗೈಯಾದಾಗ ಊರು ಯಾರಿಗೆ ತಾನೆ ಕೊಟ್ಟೀತು?

ಇನ್ನು ಸರ್ಕಾರದ ಸರದಿ. ನಮ್ಮ ಜಿಲ್ಲೆ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಪ್ರಾಂತದ ಬಯಲುಸೀಮೆಯನ್ನು 1876-78ರ ಬರ ಹುರಿದು ಹಾಕಿದಾಗ ಸರ್ಕಾರ ಕೆರೆ, ರಸ್ತೆಗಳ ಕಾಮಗಾರಿ ತೆರೆಯಿತು. ಖರ್ಚು ಹೆಚ್ಚಾಯಿತೆಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಕಾಸಿಗೆ ಇಳಿಸಿದ. ಹಸಿದವರ ಹೊಟ್ಟೆಯ ಮೇಲೆ ನಡೆದ ಕ್ರೂರ ಉಳಿತಾಯ ಅದು. ಆಮೇಲೆ 1880ರ ಕ್ಷಾಮ ಆಯೋಗ, ಕ್ಷಾಮ ಸಂಹಿತೆಗಳು ಬಂದವು. ಜನ ಸಾಯುವುದಕ್ಕೆ ಮೊದಲೇ ಕೆಲಸ ಕೊಡಬೇಕೆಂಬ ನಿಯಮ ಕಾಗದಕ್ಕೆ ಇಳಿಯಿತು. ಆದರೆ ಆ ನಿಯಮ ಬರ ಘೋಷಣೆಯಾದರೆ ಮಾತ್ರ. ವರ್ಷ ವರ್ಷವೂ ತಪ್ಪದೆ ಬರುವ ಮೀನುಗಾರನ ಮಳೆಗಾಲ ಯಾವ ಸಂಹಿತೆಯ ಕಣ್ಣಿಗೂ ಕ್ಷಾಮವಲ್ಲ.

ಸ್ವಾತಂತ್ರ್ಯದ ನಂತರವೂ ಮೊದಲು ರಕ್ಷಣೆ ಸಿಕ್ಕಿದ್ದು ಕಾರ್ಖಾನೆಯವರಿಗೆ. ನೌಕರರ ರಾಜ್ಯ ವಿಮೆ, ಭವಿಷ್ಯ ನಿಧಿ ಎರಡೂ 1952ರಲ್ಲಿ ಜಾರಿಯಾದವು. ಅವುಗಳಿಗೆ ಹಾಜರಿ ಪುಸ್ತಕ ಬೇಕು, ಸಂಬಳ ಕೊಡುವ ಮಾಲೀಕ ಬೇಕು. ಪಾಲಿಗೆ ದುಡಿಯುವ ಕಲಾಸಿಗೆ ಯಾವ ಹಾಜರಿ ಪುಸ್ತಕ? ಅವನ ಕಡೆಗೆ ಸರ್ಕಾರ ತಿರುಗಿದ್ದು ನಿಧಾನವಾಗಿ. ನಮ್ಮ ರಾಜ್ಯದಲ್ಲಿ 1965ರಲ್ಲಿ ವೃದ್ಧಾಪ್ಯ ವೇತನ, 1984ರಲ್ಲಿ ವಿಧವಾ ವೇತನ ಬಂದವು. 2007ರ ಸಂಧ್ಯಾ ಸುರಕ್ಷಾ ಯೋಜನೆ ಸಣ್ಣ ರೈತರು, ನೇಕಾರರ ಜೊತೆಗೆ ಮೀನುಗಾರರನ್ನೂ ಹೆಸರು ಹಿಡಿದೇ ಸೇರಿಸಿತು. ಆರಂಭದಲ್ಲಿ ತಿಂಗಳಿಗೆ 400 ರೂಪಾಯಿ. 2021ರಲ್ಲಿ 1200 ಆಯಿತು.

ಕಡಲು ಮುಚ್ಚುವ ತಿಂಗಳುಗಳಿಗೆಂದೇ ಹೊಸೆದದ್ದು ಉಳಿತಾಯ ಮತ್ತು ಪರಿಹಾರ ಯೋಜನೆ. ಮೀನುಗಾರ ದುಡಿಮೆಯ ದಿನಗಳಲ್ಲಿ 1500 ರೂಪಾಯಿ ಕಟ್ಟುತ್ತಾನೆ, ಕೇಂದ್ರ, ರಾಜ್ಯ ಸರ್ಕಾರಗಳು 3000 ಸೇರಿಸುತ್ತವೆ, ದುಡಿಮೆಯಿಲ್ಲದ, ದುಡಿಮೆ ಕಡಿಮೆಯಾದ ಮೂರು ತಿಂಗಳು 1500ರಂತೆ ವಾಪಸು ಕೊಡುತ್ತವೆ. ಮೊತ್ತ ಚಿಕ್ಕದು, ನಿಜ. ಆದರೂ ಇದನ್ನು ನಾನು ಬಹಳ ದೊಡ್ಡ ಹೆಜ್ಜೆ ಎನ್ನುತ್ತೇನೆ. ಕಷ್ಟ ಬರುವ ತಾರೀಖು ಮೊದಲೇ ಗೊತ್ತಿದೆ ಎಂದು ಸರ್ಕಾರ ಒಪ್ಪಿಕೊಂಡ ಯೋಜನೆ ಇದು. ಇಥಿಯೋಪಿಯಾ ಕೂಡ ಪ್ರತಿ ವರ್ಷ ಜಗತ್ತಿನ ಮುಂದೆ ತುರ್ತು ನೆರವಿಗೆ ಕೈ ಚಾಚಿ ದಣಿದು, 2005ರಲ್ಲಿ ಹಸಿವಿನ ತಿಂಗಳುಗಳಿಗೆ ಮುಂಚಿತವಾಗಿಯೇ ಧಾನ್ಯ, ಹಣ ನಿಗದಿ ಮಾಡುವ ಯೋಜನೆ ಹೂಡಿತು. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾರದವರಿಗೆ ನೇರ ನೆರವು. ನಮಗಿಂತ ಬಡ ದೇಶ ಮಾಡಿದ ಕೆಲಸ ಅದು.

ಇನ್ನು ಹೋದವನು ಮರಳದೇ ಇದ್ದರೆ? 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಎರಡೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ ಏಳು ಜನ, ಐವರು ನಮ್ಮ ಉತ್ತರ ಕನ್ನಡದವರು. ಜನವರಿ ಕಳೆಯಿತು, ಶಿವರಾತ್ರಿ ಕಳೆಯಿತು, ಯುಗಾದಿಯೂ ಕಳೆಯಿತು. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ ಬಳಿ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದ ಸುದ್ದಿ ಬಂದದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆ ಮನೆಗಳ ಹೆಂಗಸರು ಕುಂಕುಮ ಇಡಬೇಕೋ ಅಳಿಸಬೇಕೋ ತಿಳಿಯದೆ ಬದುಕಿದರು. ಇಂಥ ಮನೆಗಳಿಗೆ ಕಾನೂನಿನ ಕಷ್ಟವೂ ಇದೆ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದು ಎನ್ನುತ್ತಿತ್ತು 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಂ. 2024ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯೂ ಏಳು ವರ್ಷವನ್ನೇ ಉಳಿಸಿಕೊಂಡಿದೆ. ಶವ ಸಿಗದಿದ್ದರೆ ಮರಣಪತ್ರ ಕಷ್ಟ. ಅದಿಲ್ಲದೆ ವಿಮೆ, ವಿಧವಾ ವೇತನಗಳ ಬಾಗಿಲು ತೆರೆಯುವುದೂ ಕಷ್ಟ. ಕಡಲಿನಲ್ಲಿ ಕಾಣೆಯಾದವರಿಗೆ ಪ್ರತ್ಯೇಕವಾದ, ಚುರುಕಾದ ದಾರಿ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತೆಂಗಿನಗುಂಡಿಯ ಗಾಯ ಇನ್ನೂ ಹಸಿ. 2025ರ ಜುಲೈ 30ರಂದು, ದೊಡ್ಡ ಬೋಟುಗಳ ನಿಷೇಧ ಮುಗಿಯಲು ಒಂದು ದಿನವಿರುವಾಗ, ಆರು ಜನರಿದ್ದ ದೋಣಿ ಮಗುಚಿತು. ಇಬ್ಬರು ಬದುಕಿ ಬಂದರು, ನಾಲ್ವರು ಹೋದರು. ಮಳೆಗಾಲದ ಕಡಲಿನ ಅಪಾಯ ನಮ್ಮ ಮೀನುಗಾರರಿಗೆ ಗೊತ್ತಿಲ್ಲದ್ದಲ್ಲ. ಮನೆಯ ಖರ್ಚು ಮಳೆಗಾಲಕ್ಕೆಂದು ನಿಲ್ಲುವುದಿಲ್ಲವಲ್ಲ. 2013ರ ಅನ್ನಭಾಗ್ಯದ ಅಕ್ಕಿ, 2023ರ ಗೃಹಲಕ್ಷ್ಮಿಯ 2000 ರೂಪಾಯಿ ಈ ಮನೆಗಳಿಗೆ ಮುಖ್ಯವಾಗುವುದು ಅದಕ್ಕೇ. ಕಡಲು ತೆರೆದಿರಲಿ, ಮುಚ್ಚಿರಲಿ, ಅವುಗಳ ಲೆಕ್ಕ ತಿಂಗಳ ಲೆಕ್ಕ.

ಮೀನುಗಾರ ಬಂಧುಗಳಲ್ಲಿ ಒಂದು ವಿನಂತಿ. ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮರಣಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದೆ, ಕಂತನ್ನು ಪೂರ್ತಿ ಸರ್ಕಾರಗಳೇ ಕಟ್ಟುತ್ತವೆ. ಬೋಟಿನ ಯಜಮಾನರೇ, ನಿಮ್ಮ ಕಲಾಸಿಗಳೆಲ್ಲರ ಹೆಸರು, ಹೊಸದಾಗಿ ಸೇರಿದ ಹುಡುಗನ ಹೆಸರೂ ಸೇರಿ, ಅದರಲ್ಲಿ ಇದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಇದೇ ವಾರ ವಿಚಾರಿಸಿ. ಅಧಿಕಾರದಲ್ಲಿರುವವರಿಗೆ ನನ್ನ ಕೋರಿಕೆಯೂ ಒಂದೇ: ಜೂನ್ ತಿಂಗಳ ಪರಿಹಾರ ಜೂನ್ ತಿಂಗಳಲ್ಲೇ ಕೈ ಸೇರಲಿ.