ದಣಿವಿನ ಲೆಕ್ಕ: ಈಜುಗಾರರ ದುಡಿಮೆ ಮತ್ತು ಬಿಡುವು

(ಒಡೆಯರಪಾಳ್ಯದ ದತ್ತಿ ಉಪನ್ಯಾಸದ ಮುದ್ರಿತ ರೂಪ)

2021ರ ಜೂನ್ ಕೊನೆಯಲ್ಲಿ ರೋಮ್ ನಗರದ ಸೆಟ್ಟೆ ಕೊಲ್ಲಿ ಈಜುಕೂಟದಲ್ಲಿ ಸಾಲಾಗಿ ಎರಡು ದಿನ ಭಾರತದ ಈಜಿಗೆ ಒಳ್ಳೆಯ ಸುದ್ದಿ ಬಂತು. 26ರಂದು ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿದರು. ಒಲಿಂಪಿಕ್ಸ್‌ಗೆ ನೇರ ಪ್ರವೇಶ ಕೊಡುವ ‘ಎ’ ಗಡಿಯನ್ನು ಒಬ್ಬ ಭಾರತೀಯ ದಾಟಿದ್ದು ಅದೇ ಮೊದಲು. ಮರುದಿನ ಬೆಂಗಳೂರಿನ ಇಪ್ಪತ್ತರ ಹುಡುಗ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಈಜಿದರು. ಬೇಕಿದ್ದದ್ದು 53.85. ಸಾಜನ್ ಹುಟ್ಟಿದ್ದು ಕೇರಳದಲ್ಲಿ, ಆದರೆ ಅವರ ಕೋಚ್ ಎಸ್. ಪ್ರದೀಪ್ ಕುಮಾರ್ ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನ ಹೆಸರಿನ ಜೊತೆಗೇ ನೆನಪಾಗುವವರು.

ಈ ಇಬ್ಬರೂ ಅದರ ಹಿಂದಿನ ವರ್ಷ ಹೇಗಿದ್ದರು ಎಂಬುದು ಇಲ್ಲಿ ಮುಖ್ಯ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಈಜುಕೊಳಗಳಿಗೆ ಬೀಗ ಬಿತ್ತು. ಕ್ರೀಡಾಪಟುಗಳ ತರಬೇತಿಗೆ ಮತ್ತೆ ಕೇಂದ್ರದ ಅನುಮತಿ ಸಿಕ್ಕಿದ್ದು ಅಕ್ಟೋಬರ್ 15ರಿಂದ. ಶ್ರೀಹರಿ ತಿಂಗಳುಗಟ್ಟಲೆ ನೀರಿಗಿಳಿಯದೆ ನೆಲದ ಮೇಲಿನ ವ್ಯಾಯಾಮದಲ್ಲೇ ಕಾಲ ಕಳೆಯಬೇಕಾಯಿತು. ಸಾಜನ್ ಥಾಯ್ಲೆಂಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಸಾಲದ್ದಕ್ಕೆ ಕತ್ತಿನ ಡಿಸ್ಕ್ ತೊಂದರೆಯಿಂದ ತೋಳು ಎತ್ತುವುದೇ ಕಷ್ಟವಾಗಿತ್ತು. ಒಂದು ದಿನ ತಪ್ಪಿಸಿದರೂ ನೀರಿನ ಹಿಡಿತ ಹೋಯಿತು ಎಂದು ನಂಬುವ ಈಜು ಲೋಕಕ್ಕೆ ಇದು ಸುಲಭವಾಗಿ ಜೀರ್ಣವಾಗುವ ಕಥೆಯಲ್ಲ. ಬಿಡುವೇ ಇವರನ್ನು ಗೆಲ್ಲಿಸಿತು ಎಂದರೆ ಅತಿಯಾಗುತ್ತದೆ, ಬಿಡುವು ಇವರನ್ನು ಕೆಡಿಸಲಿಲ್ಲ ಎಂಬುದಂತೂ ನಿಜ.

ದೊಡ್ಡ ಈಜುಗಾರರ ದುಡಿಮೆ ಎಷ್ಟಿರುತ್ತದೆ? 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ಮೈಕೆಲ್ ಫೆಲ್ಪ್ಸ್ ಉತ್ತುಂಗದಲ್ಲಿದ್ದಾಗ ವಾರಕ್ಕೆ ಸುಮಾರು 80 ಕಿಲೋಮೀಟರ್ ಈಜುತ್ತಿದ್ದರು. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ. ಅಷ್ಟನ್ನೂ ಐವತ್ತು ಮೀಟರ್ ಕೊಳದೊಳಗೆ, ತಳದ ಕಪ್ಪು ಗೆರೆ ನೋಡುತ್ತ, ವಾರ ವಾರವೂ. ದಿನಕ್ಕೆ ಹನ್ನೆರಡು ಸಾವಿರ ಕ್ಯಾಲೊರಿ ತಿನ್ನುತ್ತಾರೆ ಎಂಬ ಸುದ್ದಿಯೂ ಆಗ ಹರಡಿತ್ತು. ಅದು ಕಟ್ಟುಕಥೆ ಎಂದು ಫೆಲ್ಪ್ಸ್ ಅವರೇ ಹೇಳಿದರೂ ಸುದ್ದಿ ಸಾಯಲಿಲ್ಲ.

ಇಷ್ಟು ದುಡಿದರೆ ಮೈ ಮುರಿಯಬೇಕಲ್ಲ? ಇದರ ಉತ್ತರದ ಒಂದು ಪಾಲು ಈ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಶಿವರಾತ್ರಿಗೋ ದೀಪಾವಳಿಗೋ ತಾಳಬೆಟ್ಟದ ಕಾಲುದಾರಿಯಲ್ಲಿ ಬೆಟ್ಟ ಹತ್ತಿ ಬಂದವರಿಗೆ ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮರುದಿನ ತೊಡೆ ಹಿಡಿದುಕೊಳ್ಳುವಂತೆ ಮಾಡುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತಲೇ ಉದ್ದವಾಗಬೇಕು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಈ ಬಗೆಯ ಕೆಲಸದಲ್ಲೇ. ಈಜಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೈಭಾರವನ್ನು ನೀರು ಹೊರುತ್ತದೆ, ಪಾದ ನೆಲಕ್ಕೆ ಬಡಿಯುವುದಿಲ್ಲ. ಹಾಗಾಗಿ ಮ್ಯಾರಥಾನ್ ಓಟಗಾರರು ದಿನಕ್ಕೆ ಎರಡು ಮೂರು ಗಂಟೆಗೆ ನಿಲ್ಲಿಸಬೇಕಾದ ಕೆಲಸವನ್ನು ಈಜುಗಾರರು ನಾಲ್ಕೈದು ಗಂಟೆ ಎಳೆಯಬಲ್ಲರು. ಇದಕ್ಕೆ ತೆರಬೇಕಾದ ಬೆಲೆ ಭುಜದ್ದು. ದಿನಕ್ಕೆ ಸಾವಿರಾರು ಸಲ ತಿರುಗುವ ಕೀಲು ನೋವೆದ್ದು ಕೂರುವುದನ್ನು ಕ್ರೀಡಾವೈದ್ಯರು ಈಜುಗಾರರ ಭುಜ ಎಂದೇ ಕರೆಯುತ್ತಾರೆ.

ಇನ್ನೊಂದು ಪಾಲು ವೇಗಕ್ಕೆ ಸೇರಿದ್ದು. ಅಷ್ಟೂ ಕಿಲೋಮೀಟರ್‌ಗಳನ್ನು ಯಾರೂ ಜೀವ ಬಿಟ್ಟು ಈಜುವುದಿಲ್ಲ. ಹೆಚ್ಚಿನ ಪಾಲು ಉಸಿರು ಕಟ್ಟದ ನಿಧಾನದ ಈಜು, ಕಿಕ್ ಬೋರ್ಡ್ ಹಿಡಿದು ಕಾಲು ಬಡಿಯುವುದು, ತೋಳಿನ ಎಳೆತ ತಿದ್ದುವುದು. ನಿಜವಾಗಿ ಸುಡುವ ಸೆಟ್‌ಗಳು ವಾರದಲ್ಲಿ ಕೆಲವೇ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್, ಅಂದರೆ ಜೋರಿನ ದುಡಿಮೆಯಲ್ಲಿ ರಕ್ತದಲ್ಲಿ ಏರುವ ಅಂಶ, ಎಷ್ಟಿದೆ ಎಂದು ನೋಡಿದರೆ, ನಿಧಾನ ಎಂದುಕೊಂಡ ಈಜು ನಿಜಕ್ಕೂ ನಿಧಾನವೇ ಎಂಬುದು ಗೊತ್ತಾಗುತ್ತದೆ. ಬೆಳೆಯುವ ಹುಡುಗರ ತೊಂದರೆ ಇಲ್ಲೇ ಇರುತ್ತದೆ: ಪಕ್ಕದ ಲೇನಿನವನು ಮುಂದೆ ಹೋದ ಎಂದು ಸುಲಭದ ದಿನವನ್ನೂ ಪಂದ್ಯ ಮಾಡಿಬಿಡುತ್ತಾರೆ.

ಹೆಚ್ಚು ಈಜಿದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಗಟ್ಟಿಯಾಗಿ ಪರೀಕ್ಷಿಸಿದವರು ಅಮೆರಿಕದ ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕಾಸ್ಟಿಲ್. 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಹನ್ನೆರಡು ಈಜುಗಾರರ ದಿನದ ದೂರವನ್ನು 4,266 ಮೀಟರ್‌ನಿಂದ 8,970ಕ್ಕೆ ಏರಿಸಿ ಹತ್ತು ದಿನ ನಡೆಸಿದರು. ಎಂಟು ಮಂದಿ ತಡೆದುಕೊಂಡರು, ನಾಲ್ವರಿಂದ ಆಗಲಿಲ್ಲ. ಆ ನಾಲ್ವರ ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ಇಂಧನ, ಉಳಿದವರಿಗಿಂತ ಕಡಿಮೆಯಿತ್ತು. ಕಾರಣ ಹುಡುಕಿದರೆ ಸಿಕ್ಕಿದ್ದು ತಟ್ಟೆಯಲ್ಲಿ: ಖರ್ಚಾದಷ್ಟು ಕಾರ್ಬೊಹೈಡ್ರೇಟ್ ಅವರು ತಿಂದಿರಲಿಲ್ಲ. ಅತಿ ತರಬೇತಿ ಎಂದು ಕಾಣುವುದರ ಅರ್ಧದಷ್ಟಾದರೂ ಕಡಿಮೆ ಊಟವಿರಬಹುದು ಎಂಬ ಸಂಶಯ ಅಂದಿನಿಂದ ಬಲವಾಗಿದೆ. ಕಠಿಣ ಕೆಲಸದ ನಂತರ ಹಸಿವು ಸತ್ತುಹೋಗುವುದೂ ಉಂಟು. ಮುದ್ದೆ, ಅನ್ನ ಬಿಟ್ಟು ಬರೀ ಪ್ರೋಟೀನ್ ಡಬ್ಬಿಯ ಹಿಂದೆ ಬಿದ್ದ ಜಿಮ್ ಹುಡುಗರು ಈ ನಾಲ್ವರನ್ನು ನೆನೆಯಬೇಕು.

1991ರಲ್ಲಿ ಕಾಸ್ಟಿಲ್ ತಂಡ ಮತ್ತೊಂದು ಅಧ್ಯಯನ ಪ್ರಕಟಿಸಿತು. ಒಂದು ಗುಂಪು ದಿನಕ್ಕೊಮ್ಮೆ ಒಂದೂವರೆ ಗಂಟೆ, ಇನ್ನೊಂದು ಗುಂಪು ಆರು ವಾರ ಕಾಲ ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ. ಎರಡು ಹೊತ್ತು ದುಡಿದವರಿಗೆ ಕೊನೆಯಲ್ಲಿ ಯಾವ ಹೆಚ್ಚಿನ ಲಾಭವೂ ದಕ್ಕಲಿಲ್ಲ, ಆ ವಾರಗಳಲ್ಲಿ ಅವರ ಸ್ಪ್ರಿಂಟ್ ವೇಗವೇ ಇಳಿಯಿತು. ಕೋಚ್‌ಗಳು ಇದನ್ನು ಓದಿಯೂ ದೂರ ಇಳಿಸಲಿಲ್ಲ. ಪೂರ್ತಿ ತಪ್ಪೂ ಅವರದಲ್ಲ. ಆರು ವಾರಕ್ಕೆ ಕಾಣದ ಲಾಭ ಆರು ವರ್ಷಕ್ಕೆ ಕಾಣಬಹುದು, 1500 ಮೀಟರ್ ಈಜುವವರ ಲೆಕ್ಕವೇ ಬೇರೆ. ಆದರೂ 50 ಮೀಟರಿನ ಹುಡುಗಿಗೂ 1500 ಮೀಟರಿನ ಹುಡುಗನಿಗೂ ಒಂದೇ ಸೆಟ್ ಬರೆದು ಹಲಗೆಗೆ ಅಂಟಿಸುವುದು ಸೋಮಾರಿತನವೇ ಸರಿ.

ನಿದ್ದೆಯದು ಇನ್ನೂ ಕಠೋರ ಕಥೆ. ಬೀಜಿಂಗ್ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ ಏಳು ಆಸ್ಟ್ರೇಲಿಯನ್ ಈಜುಗಾರರ ನಿದ್ದೆಯನ್ನು ಅಳೆದಾಗ, ಬೆಳಗಿನ ಆರು ಗಂಟೆಯ ತರಬೇತಿಯ ಹಿಂದಿನ ರಾತ್ರಿ ಅವರು ಮಲಗಿದ್ದು ಸರಾಸರಿ 5.4 ಗಂಟೆ. ಬಿಡುವಿನ ದಿನಕ್ಕೆ ಮುಂಚಿನ ರಾತ್ರಿ 7.1 ಗಂಟೆ. ಜಗತ್ತಿನ ಅತ್ಯುತ್ತಮ ವ್ಯವಸ್ಥೆಯೊಳಗಿದ್ದವರ ಪಾಡು ಇದು. ನಸುಕಿನಲ್ಲಿ ಕೊಳ, ಆಮೇಲೆ ಶಾಲೆ, ಸಂಜೆ ಮತ್ತೆ ಕೊಳ, ರಾತ್ರಿ ಹೋಂವರ್ಕ್, ನಡುವೆ ಟ್ರಾಫಿಕ್: ಬೆಂಗಳೂರಿನ ಶಾಲಾಮಕ್ಕಳ ಪಾಡನ್ನು ಇದರಿಂದಲೇ ಊಹಿಸಬಹುದು.

ಹಾಗಾದರೆ ಮಿತಿ ಮೀರಿತೆಂದು ತಿಳಿಯುವುದು ಹೇಗೆ? 2013ರಲ್ಲಿ ಯುರೋಪ್ ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳು ಒಟ್ಟಾಗಿ ಮೂರು ಮೆಟ್ಟಿಲು ಗುರುತಿಸಿದವು. ಕೆಲ ದಿನಗಳ ದಣಿವು, ಬಿಡುವು ಸಿಕ್ಕರೆ ಮೊದಲಿಗಿಂತ ಮೇಲೇಳುವ ದೇಹ, ಇದು ಬೇಕಾದದ್ದೇ. ವಾರಗಟ್ಟಲೆ ದೇಹ ಮೇಲೇಳದಿದ್ದರೆ ಎಚ್ಚರಿಕೆ. ತಿಂಗಳುಗಟ್ಟಲೆ ಏಳದಿದ್ದರೆ ಅದು ಕಾಯಿಲೆ. ಇದನ್ನು ಖಚಿತವಾಗಿ ಹಿಡಿಯುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಗನ್ ಕಾಲೇಜು ಈಜುಗಾರರಿಗೆ ಹತ್ತು ವರ್ಷ ಮನಸ್ಸಿನ ಪ್ರಶ್ನಾವಳಿ ಕೊಟ್ಟು 1987ರಲ್ಲಿ ಫಲಿತಾಂಶ ಪ್ರಕಟಿಸಿದರು: ದೂರ ಏರಿದಂತೆ ಸಿಡುಕು, ಮಂಕು ಏರುತ್ತವೆ, ದೂರ ಇಳಿದಂತೆ ಅವೂ ಇಳಿಯುತ್ತವೆ. ಆಸ್ಟ್ರೇಲಿಯಾದ ಸಂಶೋಧಕರು ಇದನ್ನೇ ನಾಲ್ಕು ಪ್ರಶ್ನೆಗೆ ಇಳಿಸಿದರು. ನಿದ್ದೆ ಹೇಗಿತ್ತು, ಎಷ್ಟು ಸುಸ್ತು, ಎಷ್ಟು ಒತ್ತಡ, ಸ್ನಾಯು ಎಷ್ಟು ನೋಯುತ್ತಿದೆ. ಬೆಳಿಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಅಂಕಿ ಬರೆದರೆ ಆಯಿತು. ದುಬಾರಿ ಕೈಗಡಿಯಾರಗಳು ಹೇಳುವುದಕ್ಕಿಂತ ಇದು ಕಡಿಮೆಯೇನೂ ಅಲ್ಲ. ಆದರೆ ಸತ್ಯ ಬರೆದ ಹುಡುಗನನ್ನು ತಂಡದಿಂದ ಹೊರಗಿಡುವುದಿಲ್ಲ ಎಂಬ ಭರವಸೆ ಇರಬೇಕು. ಅದಿಲ್ಲದ ಕಡೆ ಎಲ್ಲರೂ ಸದಾ ಚೆನ್ನಾಗಿ ನಿದ್ದೆ ಮಾಡಿರುತ್ತಾರೆ!

ಕೊನೆಯ ಕೌಶಲ ಟೇಪರ್. ಕೂಟಕ್ಕೆ ಎರಡು ಮೂರು ವಾರವಿರುವಾಗ ವೇಗ ಉಳಿಸಿಕೊಂಡು ದೂರವನ್ನು ಹಂತಹಂತವಾಗಿ ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಸುವುದು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚಿನ ಮೂರು ವಾರಗಳಲ್ಲಿ 99 ಈಜುಗಾರರ ಸಮಯ ಸರಾಸರಿ 2.18 ಪ್ರತಿಶತ ಉತ್ತಮವಾಯಿತು ಎಂದು ಇನಿಗೊ ಮುಹಿಕಾ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ನೂರು ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಅದು ಒಂದು ಸೆಕೆಂಡಿಗೂ ಮಿಗಿಲು. ಆದರೆ ಈ ಮೊನಚನ್ನು ಮತ್ತೆ ಮತ್ತೆ ತರುವುದು ಕಷ್ಟ. ರೋಮ್‌ನಲ್ಲಿ 53.77 ಈಜಿದ ಶ್ರೀಹರಿ, ನಾಲ್ಕು ವಾರದ ನಂತರ ಟೋಕಿಯೊದಲ್ಲಿ 54.31 ಈಜಿದರು, ಸಾಜನ್ 1 ನಿಮಿಷ 57.22. ಅರ್ಹತೆಗೇ ಉತ್ತುಂಗವನ್ನು ಖರ್ಚು ಮಾಡಬೇಕಾದವರು ಒಲಿಂಪಿಕ್ಸ್‌ಗೆ ಉಳಿದದ್ದನ್ನು ಹೊತ್ತು ಹೋಗುತ್ತಾರೆ. ಇದನ್ನು ಸೋಲು ಎಂದು ಬರೆದ ಪತ್ರಿಕೆಗಳು ಕ್ಯಾಲೆಂಡರ್ ನೋಡಲಿಲ್ಲ.

ಈಗ ಕಣ್ಣು ಧಿನಿಧಿ ದೇಸಿಂಗು ಮೇಲಿದೆ. 2010ರಲ್ಲಿ ಹುಟ್ಟಿದ ಈ ಬೆಂಗಳೂರಿನ ಹುಡುಗಿ 14ರ ಹರೆಯದಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್ ಈಜಿದಳು. 2025ರ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 9 ಚಿನ್ನ ಸೇರಿ 11 ಪದಕ ತಂದಳು. ಹನ್ನೊಂದು ಪದಕ ಎಂದರೆ ಹೀಟ್ಸ್, ಫೈನಲ್, ರಿಲೇ ಎಲ್ಲ ಸೇರಿ ಕೆಲವೇ ದಿನಗಳಲ್ಲಿ ಎಷ್ಟು ಸಲ ನೀರಿಗಿಳಿಯಬೇಕು! ರಾಜ್ಯಕ್ಕೆ ಪದಕಪಟ್ಟಿ ಸಿಹಿ. ಮೂಳೆ ಇನ್ನೂ ಬೆಳೆಯುತ್ತಿರುವ ಮೈಯ ಲೆಕ್ಕ ಇಡುವುದು ಕೋಚ್ ಮತ್ತು ಮನೆಯವರ ಪಾಲಿಗೆ. ಇದೇ ಬೆಂಗಳೂರಿನಿಂದ ಸಿಡ್ನಿಗೆ ಹೋಗಿ 200 ಮೀಟರ್‌ನಲ್ಲಿ ತಮ್ಮ ಹೀಟ್ ಗೆದ್ದ ನಿಶಾ ಮಿಲೆಟ್, 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅಥೆನ್ಸ್‌ನ ಅರ್ಹತೆಯನ್ನು ಕೂದಲೆಳೆಯಲ್ಲಿ ಕಳೆದುಕೊಂಡವರು.

ಹನೂರು, ಕೊಳ್ಳೇಗಾಲದ ಕಡೆ ಐವತ್ತು ಮೀಟರಿನ ಕೊಳಕ್ಕಿಂತ ಪೊಲೀಸ್ ನೇಮಕಾತಿಯ ಓಟ ಹತ್ತಿರದ ವಿಷಯ. ಗಂಡು ಮಕ್ಕಳಿಗೆ 1600 ಮೀಟರ್, ಆರೂವರೆ ನಿಮಿಷ. ಹೆಣ್ಣು ಮಕ್ಕಳಿಗೆ 400 ಮೀಟರ್, ಎರಡು ನಿಮಿಷ. ಅರ್ಜಿ ಹಾಕಿದವರು ದಿನವೂ ಪೂರ್ತಿ ವೇಗದಲ್ಲಿ ಓಡಿ, ಪರೀಕ್ಷೆಯ ಹಿಂದಿನ ದಿನವೂ ಒಂದು ಕೈ ನೋಡಿ, ಮೊಣಕಾಲಿನ ಕೆಳಗಿನ ಮೂಳೆ ನೋಯಿಸಿಕೊಂಡು ಸಾಲಿನಲ್ಲಿ ನಿಲ್ಲುವುದು ಹೊಸದಲ್ಲ. ಕೋಚ್ ಇಲ್ಲದೆಯೂ ಈಜುಗಾರರಿಂದ ಎರವಲು ತರಬಹುದಾದದ್ದು ಇಷ್ಟು: ವಾರದಲ್ಲಿ ಜೋರಿನ ಓಟ ಎರಡೇ ದಿನ, ಉಳಿದ ದಿನ ಮಾತಾಡಿಕೊಂಡು ಓಡುವಷ್ಟು ನಿಧಾನ, ಒಂದು ದಿನ ಪೂರ್ತಿ ಬಿಡುವು, ಕೊನೆಯ ಹತ್ತು ದಿನ ಅರ್ಧ ದೂರ. ನೆಲದ ಮೇಲೆ ಓಡುವವರ ಭಾರವನ್ನು ನೀರು ಹೊರುವುದಿಲ್ಲವಾದ್ದರಿಂದ, ಹೊಸಬರು ದೂರವನ್ನು ಏರಿಸುವ ವೇಗ ಈಜುಗಾರರಿಗಿಂತ ಬಹಳ ನಿಧಾನವಾಗಿರಬೇಕಾಗುತ್ತದೆ.